ಕೋಲು ಬಿದ್ದರೂ ನಿಲ್ಲದ ಡ್ರಮ್

ಕೇಳ್ರಪ್ಪಾ ದೋಸ್ತರೇ, ನಮ್ಮ ಮಲ್ಕಾಜ್‌ಗಿರಿಯ ಹೆವಿ ಮೆಟಲ್ ಬ್ಯಾಂಡ್ ಇಂದು ಒಡೆಯಿತು. ಇಪ್ಪತ್ತು ವರ್ಷ ಅದರ ತಾಲೀಮಿಗೆ ನನ್ನ ಮನೆಯ ಮಾಳಿಗೆ ಬಿಟ್ಟುಕೊಟ್ಟವನು ನಾನು. ನಾನಿಲ್ಲದಿದ್ದರೆ ಬ್ಯಾಂಡೇ ಇಲ್ಲ. ಡ್ರಮ್ ಬಾರಿಸುವವನು ನನ್ನ ಅಕ್ಕನ ಮಗ ಬಸು. ಸಂಜೆಯ ಕಾರ್ಯಕ್ರಮಕ್ಕೆಂದು ಮಧ್ಯಾಹ್ನ ಕೊಂಡಾಪುರದ ವೇದಿಕೆಯಲ್ಲೇ ತಾಲೀಮು ನಡೆದಿತ್ತು. ಬಸುವಿನ ಕೈಯಿಂದ ಕೋಲು ಜಾರಿ ಬಿತ್ತು. ಅವನು ಬಗ್ಗಿ ಅದನ್ನು ಹುಡುಕುತ್ತಿದ್ದರೂ ಸ್ಪೀಕರಿನಲ್ಲಿ ಡ್ರಮ್ ಗುಡುಗುತ್ತಲೇ ಇತ್ತು.

“ಇದನ್ಯಾರು ಬಾರಸಾಕತ್ತಾರೋ ಮಂಜ್ಯಾ?” ಎಂದ ಬಸು.

ಗಿಟಾರಿನ ಮಂಜ ತಲೆ ತಗ್ಗಿಸಿದ. “ರೆಕಾರ್ಡಿಂಗ್ ಐತಿ. ನಿನ್ನ ಕೈ ನಡಗಾಕತ್ತಾವು, ತಾಳ ತಪ್ಪತೈತಿ. ವರ್ಷಾತು, ನಿನ್ನ ಡ್ರಮ್ಮಿನ ಮೈಕ್ ಬಂದ್ ಇಟ್ಟೀವಿ.”

“ಮುಖಕ್ಕ ಹೇಳಿದ್ರ ನಾನ ಬಿಡ್ತಿದ್ನಲ್ಲೋ!”

“ಡ್ರಮ್ ಬಿಟ್ಟು ನೀ ಬದುಕ್ತಿದ್ದಿ ಏನು?”

ಬಸು ಇನ್ನೊಂದು ಕೋಲನ್ನೂ ನೆಲಕ್ಕಿಟ್ಟು ಹೊರಟುಹೋದ. ಮಂಜ ನನ್ನ ಕಡೆ ತಿರುಗಿದ. “ಮಾಮಾ, ಸಂಜಿಗೆ ಡ್ರಮ್ ಹಿಂದ ನೀವ ಕುಂದರ್ರಿ. ಸುಮ್ನ ಕೈ ಆಡಸ್ರಿ, ಸಾಕು.”

ಮೈಕು ಕಂಡಲ್ಲಿ ಭಾಷಣ ಬಿಗಿಯುವ ನಾನು ಜೀವನದಲ್ಲಿ ಮೊದಲ ಸಲ ವೇದಿಕೆ ಒಲ್ಲೆ ಎಂದೆ. ಡ್ರಮ್ಮಿನ ಹಿಂದೆ ಯಾರೂ ಇಲ್ಲದೆಯೇ ಕಾರ್ಯಕ್ರಮ ಮುಗಿಯಿತಂತೆ. ಬಸು ಎಲ್ಲಿ ಎಂದು ಒಬ್ಬ ನರಮನುಷ್ಯನೂ ಕೇಳಲಿಲ್ಲವಂತೆ. ಅದನ್ನು ಅವನ ಮುಖಕ್ಕೆ ಹೇಳುವ ಎದೆಗಾರಿಕೆ ಈಗ ಈ ಮಾಮನಿಗೂ ಇಲ್ಲ.