ಟವೆಲಿಗೆ ಅಂಟದ ನೀಲಿ

ಬೀದಿಯವರೆಲ್ಲ ಅವನನ್ನು ಬಣ್ಣದಣ್ಣ ಎನ್ನುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಹಂಡೆ ಒಂದೇ ಆದ್ದರಿಂದ ವಾರಕ್ಕೊಂದೇ ಬಣ್ಣ. ಅವನ ಮೊಣಕೈ ನೋಡಿದರೆ ಯಾವ ಬಣ್ಣದ ವಾರವೆಂದು ತಿಳಿಯುತ್ತಿತ್ತು. ಟವೆಲು, ದಿಂಬು, ಬಾಗಿಲ ಚಿಲಕ, ಎಲ್ಲದರ ಮೇಲೂ ಅವನ ಕೈಗುರುತು.

"ನಿಮ್ಮನ್ನ ಕಟ್ಟಿಕೊಂಡ ಮೇಲೆ ಈ ಮನೇಲಿ ಬಿಳೀದು ಅಂತ ಉಳಿದಿರೋದು ನನ್ನ ತಲೆಕೂದಲು ಮಾತ್ರ" ಎಂದು ಹೆಂಡತಿ ಗೊಣಗುತ್ತಲೇ ದಿನಾ ಸಂಜೆ ಅವನ ಬೆನ್ನುಜ್ಜುತ್ತಿದ್ದಳು.

ಅದು ಹಳದಿಯ ವಾರ. ಎರಡು ದಿನದಿಂದ ಅವನಿಗೆ ಸೊಂಟನೋವು. ಒದ್ದೆ ನೂಲಿನ ಲಡಿ ಎತ್ತಿದ್ದಕ್ಕೆ ಬಂದದ್ದೆಂದು ಅದಕ್ಕೂ ಬಣ್ಣ ಕಟ್ಟಿ ಹೇಳಿದ್ದ. ಆ ಸಂಜೆ ಬಚ್ಚಲಲ್ಲಿ ಹೆಂಡತಿ ನೋಡಿದರೆ ಎಡ ಪಕ್ಕೆಯಿಂದ ಸೊಂಟದವರೆಗೆ ಅಂಗೈಯಗಲದ ನೀಲಿ!

"ಸಿಡಿದಿರಬೇಕು ಕಣೇ, ಉಜ್ಜು."

ಉಜ್ಜಿದಳು. ಟವೆಲು ಒದ್ದೆಯಾಯಿತೇ ಹೊರತು ನೀಲಿಯಾಗಲಿಲ್ಲ.

"ರೀ, ಎಲ್ಲಾದರೂ ಬಿದ್ರಾ?"

"ಇಲ್ವಲ್ಲ."

"ವಾರವೆಲ್ಲ ಹಳದಿ ಅದ್ದಿದ್ದೀರಿ. ನೀಲಿ ಎಲ್ಲಿಂದ ಬಂತು?"

"ಹೋದ ವಾರದ್ದಿರಬೇಕು ಬಿಡೇ."

"ಹೋದ ವಾರ ಕೆಂಪು!"

ಮುಖ ನೋಡಿದಳು. ಸುಣ್ಣದಂತೆ ಬಿಳಿಚಿತ್ತು, ಬಿಸಿನೀರಿನ ಹಬೆಯಲ್ಲೂ ಹಣೆಯ ಮೇಲೆ ತಣ್ಣನೆ ಬೆವರು. ಬೈಯಲು ತೆರೆದ ಬಾಯಲ್ಲೇ ಪಕ್ಕದ ಮನೆಯ ಆಟೋದವನನ್ನು ಕೂಗಿದಳು.

"ಹೊಟ್ಟೆಯ ದೊಡ್ಡ ರಕ್ತನಾಳ ಬಲೂನಿನ ಹಾಗೆ ಉಬ್ಬಿ ಒಡೆದಿದೆ" ಎಂದರು ಆಸ್ಪತ್ರೆಯ ಡಾಕ್ಟರಮ್ಮ. "ಒಳಗೆ ಸೋರಿದ ರಕ್ತವೇ ಪಕ್ಕೆಯಲ್ಲಿ ನೀಲಿಯಾಗಿ ಕಾಣ್ತಿರೋದು. ಸದ್ಯ ಹೆಪ್ಪುಗಟ್ಟಿ ತಡೆದಿದೆ, ಎಷ್ಟು ಹೊತ್ತೋ ಗೊತ್ತಿಲ್ಲ. ಈಗಲೇ ಆಪರೇಷನ್ ಆಗಬೇಕು."

"ಉಳೀತಾರಾ?"

"ನಮ್ಮ ಕೈಲಾದ್ದೆಲ್ಲ ಮಾಡ್ತೀವಮ್ಮ."

ಆಪರೇಷನ್ ಕೋಣೆಯ ಬಾಗಿಲು ತೆರೆಯುವವರೆಗೂ ಅವಳು ಬೆಂಚಿನ ಮೇಲೆ ಕೂತು, ಕೈಯಲ್ಲೇ ಉಳಿದಿದ್ದ ಆ ಟವೆಲನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು.

ಗಟ್ಟಿ ಜೀವ, ಉಳಿಯಿತು. ದಿನ ಕಳೆದಂತೆ ಪಕ್ಕೆಯ ನೀಲಿ ಹಸಿರಾಗಿ, ಆಮೇಲೆ ಹಳದಿಯಾಯಿತು. "ನೋಡೇ, ಅಂತೂ ಹಳದಿಯ ವಾರಕ್ಕೇ ಬಂತು" ಎಂದ ಬಣ್ಣದಣ್ಣ.

"ನಗಿಸಬೇಡಿ, ಹೊಲಿಗೆ ಬಿಚ್ಚೀತು" ಎನ್ನುತ್ತ ಅವಳೇ ನಕ್ಕಳು.

ತಿಂಗಳುಗಳ ಮೇಲೆ ಅವನು ಮತ್ತೆ ಹಂಡೆಯ ಮುಂದೆ ನಿಂತ. ಆ ಸಂಜೆ ಬಚ್ಚಲಲ್ಲಿ ಪಕ್ಕೆಯ ಮೇಲೆ ಪುನಃ ನೀಲಿ. ನೀಲಿಯ ವಾರವೆಂದು ಗೊತ್ತಿದ್ದರೂ ಅವಳು ಓಡಿಹೋಗಿ ತಂದ ಹೊಸ ಬಿಳಿ ಟವೆಲಿನಿಂದಲೇ ಉಜ್ಜಿದಳು. ಟವೆಲು ನೀಲಿಯಾಯಿತು.

"ಅಯ್ಯೋ, ಹೊಸದು ಕಣೇ!"

"ಇರಲಿ ಬಿಡ್ರೀ" ಎಂದು, ಕಲೆಯಾದ ಟವೆಲುಗಳನ್ನು ಸದಾ ಹಿತ್ತಲಲ್ಲೇ ಬಚ್ಚಿಟ್ಟು ಒಣಗಿಸುತ್ತಿದ್ದವಳು ಅದನ್ನು ಬೀದಿಗೆಲ್ಲ ಕಾಣುವಂತೆ ಮುಂಬಾಗಿಲ ತಂತಿಗೆ ಹರವಿದಳು.