ಒಂದೇ ಮುಚ್ಚಳದ ಕೆಳಗೆ

ಮುನಿರಾಬಾದಿನ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಕಾಲಿನ, ದುಂಡನೆಯ ಇದ್ದಿಲಿನ ಗ್ರಿಲ್ ಒಂದಿದೆ. ಹೋದ ವರ್ಷ ಹಟ ಹಿಡಿದು ತರಿಸಿದ್ದು. ಅದರಲ್ಲಿ ಬೇಯಿಸುವುದೆಂದರೆ ಕೆಂಡದ ಮೇಲೆಯೇ ಇಟ್ಟು ಸುಡುವುದಲ್ಲ. ಕೆಂಡವನ್ನು ಎರಡೂ ಬದಿಗೆ ಸರಿಸಿ, ನಡುವಿನ ಖಾಲಿ ಜಾಗದಲ್ಲಿ ನೀರಿನ ತಟ್ಟೆ ಇಟ್ಟು, ಅದರ ನೇರಕ್ಕೆ ಮೇಲಿನ ಜಾಲರಿಯ ಮೇಲೆ ಕೋಳಿ ಇಡಬೇಕು. ಮುಚ್ಚಳ ಹಾಕಿ ಗಾಳಿಕಂಡಿ ಅರ್ಧ ತೆರೆದರೆ ಸಾಕು, ಬಿಸಿಗಾಳಿಯೂ ಹೊಗೆಯೂ ಒಳಗೇ ಸುತ್ತಿ ಸುತ್ತಿ ಬೇಯಿಸುತ್ತವೆ. ಗಿಣಿಗೇರಾದ ಕಾರ್ಖಾನೆಯೊಂದರಲ್ಲಿ ಕುಲುಮೆಯ ಕಾವು ನೋಡಿಕೊಳ್ಳುವವನು ನಾನು. ಮುಚ್ಚಿದ ಜಾಗದಲ್ಲಿ ಗಾಳಿ ಹೇಗೆ ಓಡಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ತಪ್ಪಿಸಿಕೊಳ್ಳುವ ದಾರಿಯೂ ಹಾಗಾಗಿ ನನಗಿಲ್ಲ.

ಪಕ್ಕದ ಮನೆಯಲ್ಲಿ ನನ್ನ ಗೆಳೆಯನೊಬ್ಬನ ತಾಯಿ ಇದ್ದಾರೆ. ಅವರು ಲಿಂಗಾಯತರು, ನಾವು ಮುಸಲ್ಮಾನರು. ನಮ್ಮ ಮನೆಯ ಮದುವೆಗಳಲ್ಲಿ ಅವರ ಕಡೆಯವರಿಗೆಂದು ಬೇರೆ ಒಲೆ ಹೂಡುತ್ತೇವೆ. ಪಾತ್ರೆ ಬೇರೆ, ಅಡುಗೆಯವರೂ ಅವರವರೇ. ಇದರಲ್ಲಿ ಯಾರಿಗೂ ಬೇಸರವಿಲ್ಲ, ಅದು ನಾವು ಅವರಿಗೆ ಕೊಡುವ ಮರ್ಯಾದೆ. ಅಷ್ಟಾದರೂ ಈ ಅಮ್ಮ ನಮ್ಮಲ್ಲಿ ಚಹಾದಾಚೆಗೆ ಏನನ್ನೂ ಬಾಯಿಗಿಟ್ಟವರಲ್ಲ.

ಅಂಥವರು ಒಂದು ಭಾನುವಾರ ಸೆರಗಿನಲ್ಲಿ ಬದನೆಕಾಯಿ ಕಟ್ಟಿಕೊಂಡು ತಾವಾಗಿಯೇ ಬಂದರು.

"ಕೆಂಡದಾಗ ಸುಟ್ಟದ್ದಕ್ಕ ಏನಾಕ್ಕೈತಿ ತಮ್ಮಾ, ತಿಂತೀನಿ. ಆದ್ರ ಬ್ಯಾರೆ ಸುಡು ಮತ್ತ."

"ಮೊದ್ಲ ನಿಮ್ದ ಸುಡ್ತೀನ್ರಿ ಅಮ್ಮಾ. ಆಮ್ಯಾಲ ನಮ್ದು," ಎಂದೆ. ನನಗೆ ಹಿಗ್ಗೋ ಹಿಗ್ಗು.

ಅವರು ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿಯ ಜೊತೆ ಮಾತಿಗೆ ಕುಳಿತರು. ಅಷ್ಟರಲ್ಲಿ ಕುಷ್ಟಗಿಯಿಂದ ಭಾವಂದಿರು ಹೇಳಿದ ಹೊತ್ತಿಗಿಂತ ಮೊದಲೇ ಬಂದು, ಹಸಿವು ಹಸಿವು ಎಂದು ನನ್ನ ತಲೆ ತಿನ್ನತೊಡಗಿದರು. ಚೀಲದಲ್ಲಿ ಇದ್ದಿಲೂ ತಳ ಕಂಡಿತ್ತು, ಎರಡು ಸಲಕ್ಕೆ ಸಾಲುವಂತಿರಲಿಲ್ಲ. ನಾನು ಜಾಣತನ ಮಾಡಿದೆ. ಕೆಂಡವನ್ನೆಲ್ಲ ನಡುವೆ ಗೋಡೆಯ ಹಾಗೆ ಒಟ್ಟಿ, ಈಚೆ ಕೋಳಿ, ಆಚೆ ಬದನೆಕಾಯಿ ಇಟ್ಟೆ. ನಡುವೆ ಬೆಂಕಿಯೇ ಇದೆಯಲ್ಲ, ಇದಕ್ಕಿಂತ ಬೇರೆ ಇನ್ನೇನು ಬೇಕು ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡು ಮುಚ್ಚಳ ಹಾಕಿಬಿಟ್ಟೆ.

ಬದನೆಕಾಯಿಯನ್ನು ಮೊದಲು ತೆಗೆದು ಸಿಪ್ಪೆ ಸುಲಿದು, ಉಪ್ಪು, ಹಸಿಮೆಣಸು ಹಾಕಿ ಹಿಸುಕಿ ಕೊಟ್ಟೆ. ಅಮ್ಮ ಮನೆಯಿಂದ ತಂದಿದ್ದ ರೊಟ್ಟಿಯಲ್ಲಿ ಅದನ್ನು ಬಳಿದು ಬಳಿದು ತಿಂದರು. ಕೋಳಿಯ ಕೊಬ್ಬು ಕರಗಿ ಎದ್ದ ಹೊಗೆಯೆಲ್ಲ ಅದರಲ್ಲಿ ಕೂತಿದೆ ಎಂದು ನನಗೆ ಗೊತ್ತಿತ್ತು. "ಭಾಳ ಛಲೋ ಆಗೈತಿ," ಎಂದು ಅವರು ಹೇಳಿದಾಗ ತಲೆ ತಗ್ಗಿಸಿ ನಕ್ಕೆ. ಆ ನಗು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಮುಂದಿನ ವಾರ ಮತ್ತೆ ಬದನೆಕಾಯಿ ತಂದರು. ಈ ಸಲ ಜಾಲರಿಯನ್ನು ಉಜ್ಜಿ ಉಜ್ಜಿ ತೊಳೆದೆ, ಹೊಸ ಇದ್ದಿಲು ಹಾಕಿದೆ, ಅವರದೊಂದನ್ನೇ ಸುಟ್ಟೆ. ತಪ್ಪನ್ನು ಹೀಗೇ ತೊಳೆದುಬಿಡಬಹುದು ಅಂದುಕೊಂಡಿದ್ದೆ. ಅಮ್ಮ ಎರಡು ತುತ್ತು ತಿಂದು ನನ್ನ ಮುಖ ನೋಡಿದರು.

"ಅವತ್ತಿನ ರುಚಿ ಬರ್ಲಿಲ್ಲ ನೋಡು. ಅವತ್ತ ಏನ್ ಹಾಕಿದ್ದಿ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಜೀರಿಗೆ ಎಂದರೂ ಆಗುತ್ತಿತ್ತು, ತುಪ್ಪ ಎಂದರೂ ಆಗುತ್ತಿತ್ತು. ಆದರೆ ಅಷ್ಟು ನಂಬಿ ಕೇಳುವ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಭಾವಂದಿರ ಹಸಿವನ್ನೂ ಇದ್ದಿಲಿನ ಕೊರತೆಯನ್ನೂ ಹೇಳಿದೆ, ಅವುಗಳಿಂದ ನನ್ನ ತಪ್ಪು ಕಡಿಮೆಯಾದೀತು ಎಂಬಂತೆ.

ಅವರ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು.

"ಮುಚ್ಚಳಾ ಹಾಕುಮುಂದ ನಿನಗ ಗೊತ್ತಿತ್ತೇನ?"

"ಗೊತ್ತಿತ್ರಿ ಅಮ್ಮಾ."

ಅವರು ಎದ್ದು ಕೈ ತೊಳೆದುಕೊಂಡರು. ಈಗಲೂ ಬರುತ್ತಾರೆ, ತಮ್ಮಾ ಎಂದೇ ಕರೆಯುತ್ತಾರೆ, ಮಕ್ಕಳ ತಲೆ ನೇವರಿಸುತ್ತಾರೆ. ಚಹಾ ಮಾಡಲೇ ಎಂದು ನನ್ನ ಹೆಂಡತಿ ಕೇಳಿದರೆ ಮಾತ್ರ, ಈಗ ಕುಡಿದೇ ಬಂದೆ ಎನ್ನುತ್ತಾರೆ.