ಕಿಟಕಿ ಸಾಲಿಗೆ ಇಟ್ಟ ಹತ್ತಿ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ವಿಶ್ವವಿದ್ಯಾಲಯದ ಪ್ರಯೋಗಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಬಿಳಿ ಇಲಿಗಳ ಗೂಡುಗಳು ಎರಡು ಸಾಲಾಗಿ ನಿಂತಿವೆ. ಮಹಿಳೆಯೊಬ್ಬರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಒಂದೊಂದೇ ಗೂಡನ್ನು ಎಳೆದು, ಒದ್ದೆಯಾದ ಮರದ ಹೊಟ್ಟನ್ನು ಬಳಿದು, ಒಣಹೊಟ್ಟು ಹರಡುತ್ತಿದ್ದಾರೆ. "ಸ್ವಲ್ಪ ಆ ಕಡೆ ಸರೀರಪ್ಪ, ಮನೆ ಗುಡಿಸ್ಬೇಕು" ಎಂದು ಇಲಿಗಳನ್ನೇ ಗದರುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಇವರು ಇಲಿಯಕ್ಕ. ನಿಜವಾದ ಹೆಸರು ಸಂಬಳದ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ.

ಮದುವೆಯಾದ ಹೊಸತರಲ್ಲಿ ಅಡುಗೆಮನೆಯಲ್ಲಿ ಇಲಿ ಕಂಡರೆ ಮಂಚ ಹತ್ತಿ ಕೂರುತ್ತಿದ್ದವರು ಇವರು. ಗಂಡ ಹಾಸಿಗೆ ಹೊಲಿಯುತ್ತಾರೆ. ಜನ ಅಂಗಡಿಯ ಸಿದ್ಧ ಹಾಸಿಗೆಗೆ ಮರುಳಾದ ಮೇಲೆ ಮನೆಯಲ್ಲಿ ಹತ್ತಿ ಉಳಿಯಿತು, ಕೆಲಸ ಉಳಿಯಲಿಲ್ಲ. ಹಾಗಾಗಿ ಇಲಿಯಕ್ಕ ಇಲ್ಲಿಗೆ ಬಂದರು. ಕಚ್ಚಿಸಿಕೊಂಡ ಬೆರಳುಗಳಿಗೆ ಲೆಕ್ಕವಿಲ್ಲ. ಎಷ್ಟು ಸಲ ಸೋಪು ಹಾಕಿ ತೊಳೆದರೂ ವಾಸನೆ ಮಾತ್ರ ಮೈ ಬಿಡುವುದಿಲ್ಲ. "ಬಸ್ಸಲ್ಲಿ ಪಕ್ಕದೋರು ಎದ್ದು ಹೋದ್ರೆ ಮೊದ್ಲು ಅಳು ಬರ್ತಿತ್ತು. ಈಗ ಆರಾಮಾಗಿ ಕಾಲು ಚಾಚಿ ಕೂತ್ಕೋತೀನಿ" ಎಂದು ನಗುತ್ತಾರೆ. ಅತ್ತೆಯಂತೂ ಬೀದಿಗೆಲ್ಲ ಡಂಗುರ ಸಾರಿದ್ದಾರೆ: "ನಮ್ಮ ಸೊಸೆ ಔಷಧಿ ಕಂಡುಹಿಡಿಯೋ ಕಡೆ ಇದಾಳೆ!"

ಈ ಮಾತು ಬಂದ ಕೂಡಲೇ ಇಲಿಯಕ್ಕನ ನಗು ನಿಂತುಹೋಗುತ್ತದೆ. ಅದಕ್ಕೆ ಕಾರಣವಿದೆ.

ತೂಕ ಕಡಿಮೆ ಇರುವ ಎಳೆಗೂಸುಗಳಿಗೆ ನೆರವಾಗಬಹುದಾದ ಔಷಧಿಯೊಂದನ್ನು ಇಲ್ಲಿನ ಸಂಶೋಧಕಿಯೊಬ್ಬಳು ಇಲಿಮರಿಗಳ ಮೇಲೆ ಪರೀಕ್ಷಿಸುತ್ತಿದ್ದಳು. ಕಿಟಕಿ ಪಕ್ಕದ ಸಾಲಿಗೆ ಔಷಧಿ, ಗೋಡೆ ಪಕ್ಕದ ಸಾಲಿಗೆ ಬರೀ ನೀರು. ಆ ಕಿಟಕಿಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಚಳಿಗಾಲ ಬಂದಾಗ ಆ ಸಾಲಿನ ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ಇಲಿಯಕ್ಕ ಮನೆಯಿಂದ ಹತ್ತಿ ತಂದು, ಸಂಜೆ ಹೊರಡುವ ಮುಂಚೆ ಆ ಗೂಡುಗಳಿಗೆ ಒಂದೊಂದು ಹಿಡಿ ಹಾಕಿ ಹೋಗುತ್ತಿದ್ದರು. ಬೆಳಿಗ್ಗೆ ಅದು ಹೊಟ್ಟಿನ ಜೊತೆ ಕಸಕ್ಕೆ ಹೋಗುತ್ತಿತ್ತು. ಸಂಶೋಧಕಿ ಬರುವ ಹೊತ್ತಿಗೆ ಗೂಡುಗಳೆಲ್ಲ ಚೊಕ್ಕಟ.

"ನಮ್ಮನೆ ಹತ್ತಿ, ಕೇಳೋರು ಯಾರು? ಮರಿಗಳು ನಡುಗೋದನ್ನ ನೋಡ್ಕೊಂಡು ಹೇಗೆ ಸುಮ್ನಿರ್ಲಿ, ನೀವೇ ಹೇಳಿ."

ಔಷಧಿ ಕುಡಿದ ಮರಿಗಳು ಗುಂಡುಗುಂಡಾಗಿ ಬೆಳೆದವು. ಲೇಖನ ಅಚ್ಚಾಯಿತು, ಪೇಟೆಂಟ್ ಮಾತು ಬಂತು. ಇಲ್ಲಿ ಕಂಡುಹಿಡಿದದ್ದರ ಒಡೆತನ ವಿಶ್ವವಿದ್ಯಾಲಯದ್ದು. ಆದರೆ ಅದರಲ್ಲಿ ಯಾರ ಯಾರ ಕೈ ಇದೆಯೆಂದು ಮೊದಲು ವಿಚಾರಿಸಬೇಕು ಎಂಬುದು ನಿಯಮ. "ಅಕ್ಕಾ, ನೀವಿಲ್ದೆ ಹೇಗೆ?" ಎಂದು ಸಂಶೋಧಕಿಯೇ ಇಲಿಯಕ್ಕನನ್ನು ಸಭೆಗೆ ಕರೆದೊಯ್ದಳು. ಇಸ್ತ್ರಿ ಸೀರೆ ಉಟ್ಟು, ಮೆತ್ತನೆಯ ಕುರ್ಚಿಯ ಅಂಚಿನಲ್ಲಿ ಕೂತಿದ್ದವರನ್ನು ಅಧಿಕಾರಿ ಕೇಳಿದರು: "ನೀವೇನೇನು ಮಾಡಿದ್ರಿ, ಹೇಳಿಮ್ಮಾ."

ಇಲಿಯಕ್ಕ ಹಿಗ್ಗಿ ಹೀರೇಕಾಯಿಯಾದರು. "ಎಲ್ಲಾ ಮಾಡಿದೀನಿ ಸಾರ್. ಕಿಟಕಿ ಸಾಲಿನ ಮರಿಗಳಿಗೆ ದಿನಾ ಸಂಜೆ ಹತ್ತಿ ಇಟ್ಟಿದೀನಿ, ನಮ್ಮನೇದೇ!"

"ಎರಡೂ ಸಾಲಿಗೆ ತಾನೇ ಅಕ್ಕಾ?" ಸಂಶೋಧಕಿಯ ದನಿ ಸಣ್ಣಗಾಗಿತ್ತು.

"ಇಲ್ಲಮ್ಮಾ, ಆ ಕಡೆ ಬೆಚ್ಚಗಿತ್ತಲ್ಲ."

ಹೊಗಳಿಕೆ ಬರುತ್ತದೆಂದು ಇಲಿಯಕ್ಕ ಕಾದರು. ಮರಿಗಳು ಬೆಳೆದದ್ದು ಔಷಧಿಯಿಂದಲೋ ಹತ್ತಿಯ ಬಿಸಿಯಿಂದಲೋ ಇನ್ನು ಯಾರೂ ಹೇಳಲಾರರು ಎಂದು ಯಾರೋ ಬಿಡಿಸಿ ಹೇಳಿದಾಗ ಅವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹತ್ತಿ ಇಟ್ಟಿದ್ದಕ್ಕಿಂತ, ಕೊಚ್ಕೊಳ್ಳೋಕೆ ಹೋದ್ನಲ್ಲ, ಅದು ನೆನೆಸ್ಕೊಂಡ್ರೆ ಈಗ್ಲೂ ಮೈ ಹಿಡಿಯಷ್ಟಾಗುತ್ತೆ."

ಪೇಟೆಂಟ್ ಅರ್ಜಿ ನಿಂತಿತು. ಅಚ್ಚಾಗಿದ್ದ ಲೇಖನವನ್ನು ಸಂಶೋಧಕಿ ತಾನೇ ಹಿಂದಕ್ಕೆ ಪಡೆದಳು. ಸಂಶೋಧನಾ ನೀತಿ ಸಮಿತಿ ಇಲಿಯಕ್ಕನನ್ನು ಕರೆಸಿತು. ಕೆಲಸ ಹೋಯಿತೆಂದೇ ಅವರು ಅಂದುಕೊಂಡಿದ್ದರು. ಸಮಿತಿ ಕಿಟಕಿ ರಿಪೇರಿ ಮಾಡಿಸಿತು, ಎಲ್ಲ ಗೂಡಿಗೂ ಹತ್ತಿ ಇಡಬೇಕೆಂದಿತು, ಇನ್ನು ಮುಂದೆ ಏನೇ ಮಾಡುವುದಿದ್ದರೂ ಹೇಳಿ ಮಾಡಿ ಎಂದು ಕಳಿಸಿತು. ಸಂಶೋಧಕಿಯೂ ಅಲ್ಲೇ ಎದ್ದು ನಿಂತು, "ತಪ್ಪು ನಂದು. ಎರಡೂ ಗುಂಪಿನ ಗೂಡುಗಳನ್ನ ಎರಡೂ ಸಾಲಲ್ಲಿ ಬೆರೆಸಿ ಇಡ್ಬೇಕಿತ್ತು" ಎಂದಳು.

"ಬೈದಿದ್ರೆ ಅವತ್ತಿಗೇ ಮುಗೀತಿತ್ತು" ಎನ್ನುತ್ತಾರೆ ಇಲಿಯಕ್ಕ. "ಆ ಹುಡುಗಿ ಬೈಯಲ್ಲ. ಬೆಳಿಗ್ಗೆ ಬಂದು 'ಟೀ ಆಯ್ತಾ ಅಕ್ಕಾ' ಅಂತಾಳೆ. ಅವಳ ಮುಖ ನೋಡೋಕಾಗ್ದೆ ನೆಲ ನೋಡ್ತೀನಿ." ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅತ್ತೆಯ ಡಂಗುರ ಇನ್ನೂ ನಿಂತಿಲ್ಲ. ಅದು ಕಿವಿಗೆ ಬಿದ್ದಾಗಲೆಲ್ಲ ಸೊಸೆ ಪಾತ್ರೆ ತೊಳೆಯುವ ನೆವ ಮಾಡಿ ಒಳಗೆ ಹೋಗುತ್ತಾರೆ.

ಸಂಶೋಧಕಿ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದ್ದಾಳೆ. ವಿಶ್ವವಿದ್ಯಾಲಯ ಕೊಟ್ಟಿರುವುದು ಇದೊಂದೇ ಅವಕಾಶ. ಔಷಧಿ ಕೆಲಸ ಮಾಡದಿದ್ದರೆ ಅವಳ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮರಿಗಳನ್ನು ತೂಗುವ ದಿನ ಹತ್ತಿರ ಬಂದಿದೆ. ಇಲಿಯಕ್ಕ ಎಲ್ಲ ಗೂಡಿಗೂ ಸಮನಾಗಿ ಹತ್ತಿ ಹಾಕುತ್ತಾರೆ, ಯಾವ ಮರಿ ದಪ್ಪಗಾಯಿತೆಂದು ತಿರುಗಿಯೂ ನೋಡುವುದಿಲ್ಲ. ನಿಮ್ಮ ಆಸೆ ಏನು ಎಂದರೆ ಹತ್ತಿ ಬಿಡಿಸುತ್ತಲೇ ಹೇಳುತ್ತಾರೆ:

"ನನ್ನ ಉಪಕಾರದಿಂದ ಅವತ್ತು ಆ ಮರಿಗಳಿಗೆ ಏನೇನೂ ಪ್ರಯೋಜನ ಆಗಿರ್ಲಿಲ್ಲ ಅಂತ ಗೊತ್ತಾಗ್ಬಿಡ್ಲಿ. ಅಷ್ಟಾದ್ರೆ ಸಾಕು."